ಹೊಳೆಯ ಮರ, ‘ಆತು’ ಎಂಬ ಮಾತು

ಓದುವ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ ನನ್ನ ಶರಣು. ಇದನ್ನು ನಾನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ‘ಮರ’ ಎಂದು ಒತ್ತಿದ ಕೂಡಲೇ ಈ ಮೊಬೈಲು ನನಗಿಂತ ಮುಂದೆ ಓಡಿ ‘ಮರಣ’ ಎಂದು ಬರೆದುಬಿಡುತ್ತದೆ. ಅಳಿಸಿ ಅಳಿಸಿ ಸಾಕಾಗಿದೆ. ಎಲ್ಲಾದರೂ ಒಂದು ಉಳಿದುಕೊಂಡಿದ್ದರೆ ಅದನ್ನು ಮರ ಎಂದೇ ಓದಿಕೊಳ್ಳಿ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಮೀಸೆ ಬಂದ ಮೇಲೆ. ಒತ್ತು, ದೀರ್ಘ ತಪ್ಪಿದ್ದರೆ ಅದು ನನ್ನದು, ಕಲಿಸಿದ ಮಾಸ್ತರರದ್ದಲ್ಲ. ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಜಮಖಂಡಿ, ಮುಧೋಳ ಕಡೆ ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಅಣೆಕಟ್ಟಿಗೆ ಬಂಧಾರ ಎನ್ನುತ್ತೇವೆ. ಸಾಲಾಗಿ ಕಲ್ಲಿನ ಕಂಬ, ಕಂಬಗಳ ನಡುವೆ ಗೇಟು, ಮೇಲೆ ಓಡಾಡಲು ದಾರಿ. ಮಳೆಗಾಲಕ್ಕೆ ಮುಂಚೆ ಗೇಟು ತೆಗೆಯಬೇಕು, ಮಳೆ ಮುಗಿದ ಮೇಲೆ ಮತ್ತೆ ಹಾಕಿ ಬೇಸಿಗೆಗೆ ನೀರು ನಿಲ್ಲಿಸಬೇಕು. ಈ ತೆಗೆಯುವುದಕ್ಕೂ ಹಾಕುವುದಕ್ಕೂ ನಡುವೆ ಹೊಳೆ ತಂದು ನಿಲ್ಲಿಸಿದ ಮರಗಳಿರುತ್ತವೆ. ಕಂಬಕ್ಕೆ ಮರ ಅಡ್ಡ ಬಿದ್ದಿದ್ದರೆ ಗೇಟು ಕೂಡುವುದಿಲ್ಲ. ಆ ಮರಗಳನ್ನು ಕೊಯ್ದು ತೆಗೆಯುವುದೇ ನನ್ನ ಕೆಲಸವಾಗಿತ್ತು. ಖಾಯಂ ಆದದ್ದು, ಸಂಬಳ ಏರಿದ್ದು ಇಲ್ಲಿ ಬರೆಯುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಅದರಿಂದ ಏನೂ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ಒಂದು ಪ್ರಶ್ನೆಗೆ ಉತ್ತರ. ಒಬ್ಬ ಮೇಲೆ ನಿಂತು ಮರ ಕೊಯ್ಯುತ್ತಾನೆ, ಇನ್ನೊಬ್ಬ ನೀರಿನಲ್ಲಿಳಿದು ಹಗ್ಗ ಕಟ್ಟುತ್ತಾನೆ. ನೀರಿನಲ್ಲಿದ್ದವನು ಹೊರಗೆ ಬಂದ ಎಂದು ಕೊಯ್ಯುವವನಿಗೆ ಹೇಗೆ ಗೊತ್ತಾಗಬೇಕು? ಕೇಳಲು ಸಣ್ಣ ಪ್ರಶ್ನೆ. ನನ್ನ ಮೊಣಕಾಲು ಹೋದದ್ದು ಇದರಿಂದಲೇ. ಹೋದ ಮಳೆಗಾಲದ ಕೊನೆಗೆ ಒಬ್ಬ ಹುಡುಗನ ಜೀವವೇ ಹೋಗುವುದಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಲಸ ಹೇಗಿರುತ್ತದೆ ಎಂದು ಹೇಳುತ್ತೇನೆ. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಜೋರಾದರೆ ನಮ್ಮಲ್ಲಿ ಬಿಸಿಲು ಬಿದ್ದಿದ್ದರೂ ಹೊಳೆ ಏರುತ್ತದೆ. ಏರಿದ ಹೊಳೆ ಏನೇನು ತರುತ್ತದೆ ಎಂದು ನೋಡುವುದೇ ನನಗೆ ಹುಚ್ಚು. ಒಂದು ಸಲ ಬೇರು ಸಮೇತ ಬಂದ ಅತ್ತಿ ಮರದ ಟೊಂಗೆಯಲ್ಲಿ ಒಂದು ಸ್ಟೀಲ್ ಕೊಡ ಸಿಕ್ಕಿಕೊಂಡಿತ್ತು. ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಮರಾಠಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಕೊರೆಸಿದ್ದರು. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ಆಕೆ ಯಾವ ಊರಿನವಳು, ಮರ ಯಾವ ಊರಿನದು, ಇಬ್ಬರೂ ಎಲ್ಲಿ ಕೂಡಿದರು ಎಂದು ಯೋಚಿಸುತ್ತ ನಿಂತಿದ್ದೆ. ಪಕ್ಕದಲ್ಲಿ ಹಣಮಂತಣ್ಣ ನಕ್ಕ.

“ಈರ್ಯಾ, ಆಕಿ ಕೊಡಾ ತಗೊಂಡು ನೀರು ತರಾಕ ಹೋದಳು. ನೀರಽ ಕೊಡಾ ತಗೊಂಡು ಇಲ್ಲಿಗೆ ಬಂತು ನೋಡು.”

ಹಣಮಂತಣ್ಣ ನನ್ನ ಜೋಡಿ. ನನಗಿಂತ ಕೆಲವು ವರ್ಷ ದೊಡ್ಡವನು, ಚಿಮ್ಮಡದವನು. ನಾನು ಈರಪ್ಪ, ಅವನಿಗೆ ಮಾತ್ರ ಈರ್ಯಾ. ಕೈಗರಗಸದ ಕಾಲದಲ್ಲಿ ಅವನಂತೆ ಕೊಯ್ಯುವವನು ನಮ್ಮ ಗುಂಪಿನಲ್ಲಿ ಯಾರೂ ಇರಲಿಲ್ಲ. ಅವನು ಗರಗಸ ಹಚ್ಚುವ ಮುಂಚೆ ಮರದ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದ. ನೀರು ಒತ್ತುತ್ತಿರುವ ಮರ ಸಣ್ಣಗೆ ನಡುಗುತ್ತದೆ. ಎಷ್ಟು ನಡುಗುತ್ತದೆ ಎಂಬುದರ ಮೇಲೆ ಅದು ಎಷ್ಟು ಸಿಟ್ಟಿನಲ್ಲಿದೆ ಎಂದು ಅವನು ಹೇಳುತ್ತಿದ್ದ.

ಅವನು ನನಗೆ ಕಲಿಸಿದ ಮೊದಲ ಪಾಠ ಕಬ್ಬಿನದು. ನಮ್ಮ ಕಡೆ ಕಬ್ಬನ್ನು ಮೊಣಕಾಲಿಗೆ ಹಾಕಿ ಮುರಿಯದವರು ಯಾರಿದ್ದಾರೆ? ಒಂದು ಹಸಿ ಕಬ್ಬು ಕೊಟ್ಟು, “ಮುರಿ, ಆದರ ಪೂರಾ ಮುರಿಯಬ್ಯಾಡ. ನಡುವ ನಿಂದ್ರಿಸಿ ನೋಡು” ಎಂದ. ನೋಡಿದೆ. ಮೊಣಕಾಲಿಗೆ ತಾಗಿದ ಮಗ್ಗುಲು ಮುದ್ದೆಯಾಗಿ ಒತ್ತಿಕೊಂಡಿತ್ತು. ಹೊರಮಗ್ಗುಲು ತಂತಿಯ ಹಾಗೆ ಬಿಗಿದಿತ್ತು. ಬಂಧಾರದ ಕಂಬವೇ ಮೊಣಕಾಲು, ಮರವೇ ಕಬ್ಬು, ಎರಡೂ ತುದಿ ಹಿಡಿದು ಎಳೆಯುವ ಕೈಗಳು ಹೊಳೆಯವು. ಬಿಗಿದ ಮಗ್ಗುಲಿಗೆ ಮೊದಲೇ ಗರಗಸ ಹಾಕಿದರೆ ಮರ ಸಿಡಿಯುತ್ತದೆ. ಒತ್ತಿಕೊಂಡ ಮಗ್ಗುಲಿಗೆ ಜಾಸ್ತಿ ಹಾಕಿದರೆ ಗರಗಸವನ್ನೇ ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತದೆ. ಅದಕ್ಕೆ ಒತ್ತಿಕೊಂಡ ಕಡೆ ಸ್ವಲ್ಪ, ಆಮೇಲೆ ಬಿಗಿದ ಕಡೆ ಸ್ವಲ್ಪ ಸ್ವಲ್ಪವೇ, ನಿಂತು ನಿಂತು. ಹೊಸಬರು ದಯವಿಟ್ಟು ಮೊದಲು ಒಂದು ಕಬ್ಬು ಹಾಳುಮಾಡಿ, ಆಮೇಲೆ ಮರಕ್ಕೆ ಕೈ ಹಚ್ಚಿ. ಕಬ್ಬು ಹಾಳಾದರೆ ತಿನ್ನಬಹುದು.

ಎರಡನೆಯದು ಸಾಣಿಗೆಯ ಪಾಠ. ಟೊಂಗೆ ತುಂಬಿದ ಮರ ನೀರಿಗೆ ಅಡ್ಡವಿದ್ದರೆ ಅದು ಹಿಟ್ಟಿನ ಸಾಣಿಗೆ ಇದ್ದ ಹಾಗೆ. ನೀರು ಸೋರಿ ಹೋಗುತ್ತದೆ, ಮನುಷ್ಯ ಅದರಲ್ಲೇ ಸಿಕ್ಕಿ ಉಳಿಯುತ್ತಾನೆ. ಎಷ್ಟು ಈಜು ಬಂದರೂ ಅಷ್ಟೆ. ಅದಕ್ಕೇ ಹರಿವ ನೀರಿಗೆ ಮರದ ಮೇಲ್ಗಡೆಯಿಂದ, ಎಂದರೆ ನೀರು ಬರುವ ಕಡೆಯಿಂದ, ಯಾರೂ ಇಳಿಯಬಾರದು. ಇಳಿಯುವವನ ಸೊಂಟದ ಹಗ್ಗ ಒಂದೇ ಜಗ್ಗಿಗೆ ಬಿಚ್ಚುವ ಗಂಟಿನದಾಗಿರಬೇಕು. ಬಿಗಿ ಗಂಟು ಜೀವ ಉಳಿಸುತ್ತದೆ ಎಂದು ಮನೆಯವರು ತಿಳಿಯುತ್ತಾರೆ. ಆ ಹಗ್ಗ ಮರದ ಬೇರಿಗೆ ಸುತ್ತಿಕೊಂಡರೆ ಅದೇ ಗಂಟು ಮುಳುಗಿಸುತ್ತದೆ.

ಮರಗಳ ಸ್ವಭಾವವೂ ಒಂದೊಂದು. ಒಣಗಿದ ಬೇವು ತೇಲುತ್ತದೆ. ಹಸಿ ಕರಿಜಾಲಿ ಮುಳುಗಿ ತಳ ಹಿಡಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ನೀರು ಕುಡಿದು ಅರ್ಧ ಮುಳುಗಿದ ಮರ. ಅದು ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ, ನೀರಿನ ಹೊದಿಕೆಯ ಕೆಳಗೆ ಮಲಗಿರುತ್ತದೆ. ಬೀಳಗಿ ಕಡೆ ಹಿನ್ನೀರಿನಲ್ಲಿ ಇಂಥವೇ ಜಾಸ್ತಿ. ಅಲ್ಲಿ ಒಮ್ಮೆ ಒಂದು ಒಣ ಮರ ಕೊಯ್ಯಲು ದೋಣಿಯಲ್ಲಿ ಹೋದಾಗ ಮೀನು ಹಿಡಿಯುವ ಮುದುಕ ಅಡ್ಡ ಬಂದ.

“ಅದನ್ನ ಬಿಡ್ರೆಪಾ. ಅದರ ಬುಡದಾಗ ಮೀನ ಅದಾವ.”

“ದೋಣಿಗೆ ಬಡಿದರ?”

“ನನಗ ಗೊತ್ತಿಲ್ಲದ ಮರಾ ಬಡೀತೈತಿ. ಇದು ನನಗ ಗೊತ್ತಿರೋ ಮರಾ.”

ಬಿಟ್ಟು ಬಂದೆವು. ಅದರ ತುದಿಗೆ ಬಿಳಿ ಚೀಲ ಕಟ್ಟಿ ಬಂದೆವು. ಕಂಡ ಮರವನ್ನೆಲ್ಲ ಕೊಯ್ಯುವುದು ಕೆಲಸವಲ್ಲ ಎಂದು ಅವತ್ತು ತಿಳಿಯಿತು.

ಇನ್ನು ಬೇವಿನ ಮರದ ಕತೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಚಿಮ್ಮಡದ ಹತ್ತಿರ ಗಾಳಿಗೆ ಒಂದು ಬೇವಿನ ಮರ ಕಾಲುವೆಗೆ ಅಡ್ಡ ಬಿತ್ತು. ಬೇರೆಲ್ಲ ಮಣ್ಣು ಸಮೇತ ಎದ್ದು ಗೋಡೆಯಂತೆ ನಿಂತಿತ್ತು, ಕೆಳಗೆ ದೊಡ್ಡ ತಗ್ಗು. ಬಿಸಿಲು ಜೋರಿತ್ತು. ತಗ್ಗಿನಲ್ಲಿ ತಂಪಿದೆ ಎಂದು ನಮ್ಮೆಲ್ಲರ ರೊಟ್ಟಿಯ ಬುತ್ತಿಯನ್ನು ಅಲ್ಲಿಟ್ಟೆವು. ಕಾಂಡವನ್ನು ಕೊಯ್ದೆವು. ತಲೆಯ ಭಾರ ಹೋದದ್ದೇ ತಡ, ಬುಡ ನಿಧಾನಕ್ಕೆ ಅಲುಗಾಡಿತು, ನರಳಿತು, ಆಮೇಲೆ ಧಪ್ಪನೆ ಎದ್ದು ತನ್ನ ತಗ್ಗಿನಲ್ಲಿ ತಾನೇ ನೆಟ್ಟಗೆ ಕೂತುಬಿಟ್ಟಿತು. ಬುತ್ತಿಯ ಮೇಲೆ.

ಎಲ್ಲರೂ ಬಾಯಿ ತೆರೆದು ನಿಂತೆವು. ಪಕ್ಕದ ಹೊಲದ ಅಮ್ಮ ಓಡಿಬಂದು ಮರಕ್ಕೆ ಕೈಮುಗಿದಳು. ಹಣಮಂತಣ್ಣ ಸೊಂಟದ ಮೇಲೆ ಕೈ ಇಟ್ಟುಕೊಂಡು, “ಇಷ್ಟ ದಿವಸ ನಾವು ಗಿಡದ ಹಣ್ಣು ತಿಂದಿವಿ. ಇವತ್ತ ಗಿಡಾ ನಮ್ಮ ರೊಟ್ಟಿ ತಿಂತು” ಎಂದ. ಆ ಅಮ್ಮನೇ ಅವತ್ತು ನಮಗೆ ಊಟ ಹಾಕಿದಳು. ಊಟದ ನಡುವೆ ಒಮ್ಮೆಲೇ ಒಂದು ವಿಚಾರ ಹೊಳೆಯಿತು. ನೆರಳಿದೆ ಎಂದು ನಮ್ಮಲ್ಲೊಬ್ಬ ಆ ತಗ್ಗಿನಲ್ಲಿ ಮಲಗಿದ್ದರೆ? ಅಂದಿನಿಂದ ಬೇರಿನ ತಗ್ಗಿನ ಹತ್ತಿರ ಯಾರನ್ನೂ ಬಿಟ್ಟಿಲ್ಲ. ಆ ಬುಡ ಚಿಗುರಿ ಈಗ ಮತ್ತೆ ಮರವಾಗಿದೆ. ಬಸ್ಸಿನಲ್ಲಿ ಹೋಗುವಾಗ ನೋಡುತ್ತೇನೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ.

ಮುಧೋಳ ಕಡೆ ಘಟಪ್ರಭೆಯ ಒಂದು ಬಂಧಾರ. ಒಂದು ದೊಡ್ಡ ಹುಣಸೆ ಮರ ಹೊಟ್ಟೆಯನ್ನು ಕಂಬಕ್ಕೆ ಒತ್ತಿಕೊಂಡು ನಿಂತಿತ್ತು. ಥೇಟ್ ಮೊಣಕಾಲಿನ ಮೇಲಿನ ಕಬ್ಬು. ನೆರೆ ಇಳಿದಿತ್ತು, ಆದರೂ ನೀರಿಗೆ ಎಳೆತವಿತ್ತು. ಹಣಮಂತಣ್ಣ ಕಂಬದ ಮೇಲಿನ ಕಟ್ಟೆಯಲ್ಲಿ ಕೂತು ಒತ್ತಿಕೊಂಡ ಮಗ್ಗುಲು ಕೊಯ್ದಿದ್ದ. ಕೊಯ್ದ ತುಂಡು ಹರಿದು ಹೋಗಿ ಕೆಳಗಿನ ಪಂಪಿನ ಮನೆಗೆ ಬಡಿಯಬಾರದು ಎಂದು ಅದರ ತುದಿಗೆ ಹಗ್ಗ ಹಾಕಬೇಕಿತ್ತು. ಲಾರಿಯ ಟ್ಯೂಬು ಹಾಕಿಕೊಂಡು ನಾನು ಕಂಬದ ಹಿಂದಿನ ನಿಂತ ನೀರಿನಲ್ಲಿ ಇಳಿದಿದ್ದೆ. ಅಲ್ಲಿಂದ ಅವನಿಗೆ ನಾನು ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು.

“ಈರ್ಯಾ, ಗಂಟು ಬಿಗದು ಮ್ಯಾಲ ಬಾ. ನೀ ಬಂದ ಮ್ಯಾಲ ಕೊಯ್ತೀನಿ” ಎಂದು ಮೇಲಿಂದ ಒದರಿದ.

“ಆತು!” ಎಂದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ‘ಆತು’ ಎಂದರೆ ಆಯಿತು. ಕೆಲಸ ಮುಗಿದರೂ ಆತು, ಹೇಳಿದ ಮಾತಿಗೆ ಒಪ್ಪಿದರೂ ಆತು. ನಾನು ಹೇಳಿದ್ದು, ಸರಿ, ಹಾಗೇ ಮಾಡುತ್ತೇನೆ ಎಂದು. ಅವನು ಕೇಳಿದ್ದು, ಗಂಟೂ ಆಯಿತು, ನಾನು ಮೇಲೆ ಬಂದದ್ದೂ ಆಯಿತು ಎಂದು. ಗರಗಸದ ಸದ್ದು ಮತ್ತೆ ಶುರುವಾದಾಗ ನಾನು ಇನ್ನೂ ಗಂಟಿನ ಎರಡನೆಯ ಸುತ್ತಿನಲ್ಲಿದ್ದೆ. ಬೇರೆ ಯಾವುದೋ ಟೊಂಗೆ ಕೊಯ್ಯುತ್ತಿದ್ದಾನೆ ಅಂದುಕೊಂಡೆ.

ಸಿಡಿದ ಸದ್ದು ನನಗೆ ನೆನಪಿಲ್ಲ. ಕೊಯ್ದ ತುಂಡು ಕಂಬವನ್ನು ಸವರಿಕೊಂಡು ತಿರುಗಿ ಬಂದು ನನ್ನ ಬಲ ಮೊಣಕಾಲನ್ನು ಕಲ್ಲಿಗೆ ಒತ್ತಿ ಹಿಡಿಯಿತು. ಮೇಲಿದ್ದವರು ಗಾಬರಿಯಿಂದ ಹಗ್ಗ ಜಗ್ಗಿದರು. ಜಗ್ಗಿದಷ್ಟೂ ಒತ್ತು ಹೆಚ್ಚಾಯಿತು. ನಾನು ಕೂಗಿದ ಮೇಲೆ ಹಣಮಂತಣ್ಣನಿಗೆ ನಾನು ಎಲ್ಲಿದ್ದೇನೆ ಎಂದು ತಿಳಿಯಿತು.

“ಹಗ್ಗ ಸಡಲ ಬಿಡ್ರೆಲೇ! ಜಗ್ಗಬ್ಯಾಡ್ರಿ! ಬಿಡ್ರಿ!” ಎಂದು ಒದರುತ್ತಲೇ ಹಾರಿ ಹಿಡಿದು ನೀರಿಗೆ ಧುಮುಕಿದ. ಆ ಕಬ್ಬಿಣದ ಹಾರಿಯನ್ನು ಮರಕ್ಕೂ ಕಂಬಕ್ಕೂ ನಡುವೆ ತೂರಿಸಿ ಮೀಟಿದ. ಕಾಲು ಬಿಟ್ಟಿತು. ನನ್ನನ್ನು ದಂಡೆಗೆ ಎಳೆದುಹಾಕಿ ಅವನು ನನ್ನ ಮುಖ ನೋಡಲಿಲ್ಲ. ಕಾಲನ್ನೇ ನೋಡುತ್ತಿದ್ದ.

ದವಾಖಾನೆಗೆ ಬಾಳೆಹಣ್ಣು ಹಿಡಿದುಕೊಂಡು ಬಂದ. ಹಾಸಿಗೆಯ ಪಕ್ಕದಲ್ಲಿ ಕೂತು ಕೇಳಿದ.

“ನೀನಽ ‘ಆತು’ ಅಂದಿ.”

“ಹೌದಣ್ಣಾ, ಅಂದ್ನಿ.”

“ಮತ್ತ?”

“ನೀ ಹೇಳಿದ್ದು ತಿಳೀತು, ಆತು, ಅಂದ್ನಿ.”

ಅವನು ಬಾಳೆಹಣ್ಣುಗಳನ್ನು ಹಾಸಿಗೆಯ ಮೇಲಿಟ್ಟು ಎದ್ದು ಹೋದ. ಮರುದಿನ ಗರಗಸವನ್ನು ಕಚೇರಿಯಲ್ಲಿ ಒಪ್ಪಿಸಿ, ಇನ್ನು ನಾನು ಹಗ್ಗ ಹಿಡಿಯುತ್ತೇನೆ, ಕೊಯ್ಯುವುದಿಲ್ಲ ಎಂದನಂತೆ. ಯಾರು ಹೇಳಿದರೂ ಕೇಳಲಿಲ್ಲ. ನಿವೃತ್ತಿಯಾಗುವ ತನಕ ಮತ್ತೆ ಗರಗಸ ಮುಟ್ಟಲಿಲ್ಲ.

ಆಗ ನಮ್ಮ ಮೇಲಿನವರು ಕುಲಕರ್ಣಿ ಸಾಹೇಬರು. ಅವರ ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ನಾನು ಕಂಡ ಸಾಹೇಬರಲ್ಲಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದವರು ಅವರೊಬ್ಬರೇ. ನಾನು ಕುಂಟುತ್ತ ಕೆಲಸಕ್ಕೆ ಮರಳಿದ ದಿನ ಇಬ್ಬರನ್ನೂ ಕಚೇರಿಯ ಅಂಗಳಕ್ಕೆ ಕರೆದರು. ಒಂದು ಬೆಂಚು ಇಡಿಸಿ, ಇದು ಮರ ಎಂದರು. ಹಣಮಂತಣ್ಣನನ್ನು ಕಟ್ಟೆಯ ಮೇಲೆ, ನನ್ನನ್ನು ಗೋಡೆಯ ಆಚೆ ನಿಲ್ಲಿಸಿದರು.

“ಯಾರ ತಪ್ಪು ಅಂತ ನಾ ಕೇಳ್ಲಿಕತ್ತಿಲ್ಲ. ಅವತ್ತ ಏನೇನ ಮಾತಾಡೀರಿ, ಹಂಗಽ ಮತ್ತೊಮ್ಮೆ ಆಡ್ರಿ.”

ಬೆಂಚಿನ ಮುಂದೆ ನಾಟಕವಾಯಿತು. ಉಳಿದವರು ಮುಸಿಮುಸಿ ನಕ್ಕರು. ನಾನು “ಆತು” ಎಂದ ಕೂಡಲೇ ಸಾಹೇಬರು ಕೈ ಎತ್ತಿದರು.

“ತಡೀರಿ. ನಮ್ಮ ಮನ್ಯಾಗ ನಮ್ಮ ತಾಯಿ ಊಟಕ್ಕ ಬಾ ಅಂದ್ರ ನಾನು ‘ಬರಂ’ ಅಂತೀನಿ. ಅಂದ್ರ ಒಪ್ಪಿದೆ, ಬರ್ತೀನಿ. ಉಂಡ ಮ್ಯಾಲೆ ‘ಝಾಲಂ’ ಅಂತೀನಿ. ಅಂದ್ರ ಮುಗೀತು. ಎರಡು ಮಾತು. ಹಣಮಂತಾ, ನಿಮ್ಮವ್ವ ಊಟಕ್ಕ ಬಾ ಅಂದ್ರ ಏನಂತಿ?”

“ಆತು ಅಂತೀನ್ರಿ.”

“ಉಂಡ ಮ್ಯಾಲೆ?”

“ಆಗೂ ಆತು ಅಂತೀನ್ರಿ.”

“ಅಂದ್ರ ನೀ ಉಂಡೀಯೋ ಇಲ್ಲೋ ನಿಮ್ಮವ್ವಗ ಹೆಂಗ ತಿಳೀತದ?”

ಹಣಮಂತಣ್ಣ ಸ್ವಲ್ಪ ವಿಚಾರ ಮಾಡಿದ. “ತಾಟು ನೋಡ್ತಾಳ್ರಿ” ಎಂದ.

ಅಂಗಳದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರೂ ನಕ್ಕರು. ತಟ್ಟೆ ನೋಡುತ್ತಾಳೆ ಎಂಬ ಆ ಉತ್ತರದಲ್ಲಿ ಏನಿತ್ತು ಎಂದು ಅವತ್ತು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಅವತ್ತಿನಿಂದ ನೀರಿನ ಕೆಲಸದಲ್ಲಿ ‘ಆತು’ ಬಂದ್ ಆಯಿತು. ಮಾತು ಕೇಳಿಸಿದರೆ ‘ಹೂಂ’ ಎನ್ನಬೇಕು. ನೀರಿನಿಂದ ಮೇಲೆ ಬಂದು ಒಣ ನೆಲದಲ್ಲಿ ನಿಂತ ಮೇಲೆ ‘ದಂಡಿ’ ಎಂದು ಒದರಬೇಕು. ದಂಡಿ ಎಂದರೆ ದಂಡೆ. ಅದಕ್ಕೆ ಇನ್ನೊಂದು ಅರ್ಥ ಮಾಡಿಕೊಳ್ಳಲು ಬರುವುದಿಲ್ಲ. ಮೊದಮೊದಲು ನಗೆಯಾಗುತ್ತಿತ್ತು. ನಾಲಿಗೆಗೆ ಹತ್ತಿದ ಮಾತನ್ನು ಬಿಡಿಸುವುದು ಮರ ಬಿಡಿಸುವುದಕ್ಕಿಂತ ಕಷ್ಟ. ಮನೆಯಲ್ಲಿ ಹೆಂಡತಿ ಏನೋ ಕೇಳಿದರೆ ನಾನು ‘ದಂಡಿ’ ಎಂದುಬಿಡುತ್ತಿದ್ದೆ. ಆದರೆ ಅಂದಿನಿಂದ ನಾನು ನಿವೃತ್ತನಾಗುವ ತನಕ ನಮ್ಮ ಗುಂಪಿನಲ್ಲಿ ಯಾರೂ ಮರದ ಕೆಳಗೆ ಸಿಗಲಿಲ್ಲ.

ಕುಲಕರ್ಣಿ ಸಾಹೇಬರ ನಂತರ ಬಂದ ಇನ್ನೊಬ್ಬ ಸಾಹೇಬರಿಗೆ ಅವಸರ ಬಹಳ. ಕೊಯ್ಯುವುದು ಯಾಕೆ, ಜೆಸಿಬಿಗೆ ಉಕ್ಕಿನ ಹಗ್ಗ ಕಟ್ಟಿ ಇಡೀ ಮರವನ್ನೇ ಎಳೆಯಿರಿ ಎಂದರು. ಎಳೆದೆವು. ಹಗ್ಗ ಹರಿದು ಹಾವಿನ ಹಾಗೆ ಗಾಳಿಯಲ್ಲಿ ತಿರುಗಿ ದಂಡೆಯ ಕಬ್ಬಿನ ಒಂದು ಪಟ್ಟಿಯನ್ನೇ ಕುಡುಗೋಲು ಹಾಕಿದಂತೆ ಸವರಿ ಬಿತ್ತು. ಅಲ್ಲಿ ಯಾರೂ ನಿಂತಿರಲಿಲ್ಲ, ನಮ್ಮ ಪುಣ್ಯ. ಸಾಹೇಬರು ಹೋಗಿ ಆ ಕಬ್ಬನ್ನು ಮುಟ್ಟಿ ನೋಡಿದರು. ಮರುದಿನ ತಾವೇ ಗೋಣಿಚೀಲ ತರಿಸಿ ನೆನೆಸಿ ಹಗ್ಗದ ಮೇಲೆ ಹೊದಿಸಿದರು. ಹರಿದರೂ ಚೀಲದ ಭಾರಕ್ಕೆ ಹಗ್ಗ ಹಾರದೆ ಬೀಳುತ್ತದೆ. ಅದು ಅವರೇ ಎಲ್ಲಿಯೋ ಕೇಳಿ ತಿಳಿದುಕೊಂಡು ಬಂದ ಉಪಾಯ. ಒಳ್ಳೆಯ ಉಪಾಯ, ನೀವೂ ಮಾಡಿ. ಬಿಗಿದ ಹಗ್ಗದ ನೇರಕ್ಕೆ ಮಾತ್ರ ಎಂದೂ ನಿಲ್ಲಬೇಡಿ.

ಆಮೇಲೆ ಪೆಟ್ರೋಲ್ ಹಾಕುವ ಯಂತ್ರದ ಗರಗಸ ಬಂತು. ನಾವು ಅರ್ಧ ದಿನ ಎಳೆಯುತ್ತಿದ್ದ ಮರವನ್ನು ಅದು ಚಹಾ ಆರುವುದರೊಳಗೆ ಕೊಯ್ಯುತ್ತದೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಬಂದಾಗ ಬಿಚ್ಚಿ ಬಿಚ್ಚಿ ನೋಡಿದ್ದೇನೆ. ಆದರೆ ಅದು ಬಂದ ಮೇಲೆ ನಾನು ಹೆಚ್ಚು ದಿನ ಕೆಲಸದಲ್ಲಿರಲಿಲ್ಲ. ಆದ್ದರಿಂದ ಒಂದು ವಿಷಯ ನನ್ನ ತಲೆಗೆ ಬರಲೇ ಇಲ್ಲ. ಆ ಸದ್ದಿನಲ್ಲಿ ‘ದಂಡಿ’ ಎಂದು ಯಾರಿಗೆ ಕೇಳಿಸುತ್ತದೆ?

ಅದು ತಲೆಗೆ ಬಂದದ್ದು ಹೋದ ಮಳೆಗಾಲ ಮುಗಿದ ಮೇಲೆ. ರಬಕವಿ ಕಡೆಯ ಬಂಧಾರಕ್ಕೆ ಒಂದು ಆಲದ ಮರ ಬಂದು ನಿಂತಿದೆ ಎಂದು ಕೇಳಿ ನೋಡಲು ಹೋದೆ. ಹಣಮಂತಣ್ಣನೂ ಬಂದ. ಅವನಿಗೆ ಈಗ ಕಿವಿ ಕೇಳಿಸುವುದಿಲ್ಲ. ಮಾತಾಡಬೇಕಾದರೆ ಭುಜ ಮುಟ್ಟಿ ಮುಖ ತೋರಿಸಬೇಕು. ಇಬ್ಬರೂ ಬಂಧಾರದ ಮೇಲಿನ ದಾರಿಯಲ್ಲಿ ಕಂಬಿ ಹಿಡಿದು ನಿಂತೆವು.

ಕೆಲಸಕ್ಕೆ ಬಂದವರು ಗುತ್ತಿಗೆಯ ಹುಡುಗರು. ಯಂತ್ರ ಹಿಡಿದವನು ಮುಧೋಳದ ರಫೀಕ್. ತಲೆಗೆ ಹೆಲ್ಮೆಟ್, ಕಿವಿಗೆ ಸದ್ದು ತಡೆಯುವ ಮುಚ್ಚಳ, ಕೈಗೆ ಗವಸು, ಎಲ್ಲ ನಮಗಿಂತ ಛಲೋ. ನೀರಿಗಿಳಿದವನು ತೇರದಾಳದ ಸಾಗರ, ಕೇಸರಿ ಜಾಕೆಟ್ ಹಾಕಿದ್ದ. ರಫೀಕ್ ನಮ್ಮನ್ನು ನೋಡಿ ನಕ್ಕು, “ಕಾಕಾ, ನೀವು ಇಬ್ಬರು ಎಳದು ಎಳದು ಕೊಯ್ತಿದ್ರಂತಲ್ಲ, ಬೆವರಿಗೇ ಹೊಳಿ ಏರತಿರಬೇಕು” ಎಂದ. “ಹೌದಪಾ, ಅದಕ್ಕ ಆಗ ಗೇಟು ದೊಡ್ಡವು ಇದ್ದವು” ಎಂದೆ. ನಗುತ್ತ ಅವನು ಕಂಬದ ಕಟ್ಟೆಗೆ ಇಳಿದ.

ಯಂತ್ರ ಶುರುವಾಯಿತು. ರಫೀಕ್ ಒತ್ತಿಕೊಂಡ ಮಗ್ಗುಲು ಸ್ವಲ್ಪ ಕೊಯ್ದು ನಿಲ್ಲಿಸಿದ. ಯಂತ್ರ ಕೈಯಲ್ಲಿ ಗುರುಗುಡುತ್ತಲೇ ಇತ್ತು. ಸಾಗರನಿಗೆ ಕೈಸನ್ನೆ ಮಾಡಿದ. ಹಗ್ಗ ಕಟ್ಟು, ಹೊರಗೆ ಹೋಗು, ಆಮೇಲೆ ಕೊಯ್ಯುತ್ತೇನೆ. ಎಲ್ಲ ಬೆರಳಿನಲ್ಲೇ ಚೆನ್ನಾಗಿ ತಿಳಿಸಿದ. ಸಾಗರ ನೀರಿನಿಂದ ಕೈ ಎತ್ತಿ ಹೆಬ್ಬೆರಳು ತೋರಿಸಿದ. ತೋರಿಸಿ ಕಂಬದ ಹಿಂದೆ ಸರಿದ. ನಾನು ಪಕ್ಕದಲ್ಲಿದ್ದ ಒಬ್ಬರಿಗೆ ಬೇವಿನ ಮರ ನಮ್ಮ ರೊಟ್ಟಿ ತಿಂದ ಕತೆ ಹೇಳುತ್ತಿದ್ದೆ. ಹೆಬ್ಬೆರಳನ್ನು ಕಂಡೆ, ಕಂಡೂ ಕತೆ ಮುಂದುವರಿಸಿದೆ.

ಒಮ್ಮೆಲೇ ಹಣಮಂತಣ್ಣ ನನ್ನ ತೋಳು ಹಿಡಿದು ಹಿಂದಕ್ಕೆ ದೂಡಿದ. ಕಾಲಿನಿಂದ ಚಪ್ಪಲಿ ಕಿತ್ತು ಬೀಸಿ ಒಗೆದ. ಅದು ಹೋಗಿ ರಫೀಕನ ಹೆಲ್ಮೆಟ್ಟಿಗೆ ಟಪ್ಪೆಂದು ಬಡಿಯಿತು. ಅವನು ಬೆಚ್ಚಿ ಯಂತ್ರ ಬಂದ್ ಮಾಡಿದ. ಗರಗಸದ ಹಲ್ಲು ಮರಕ್ಕೆ ತಾಗುವುದರಲ್ಲಿತ್ತು.

“ಯಾರ ಬೇ ಅದು! ಕೈಯಾಗ ಮಷಿನ್ ಐತಿ, ತಲಿ ಕೆಟ್ಟೈತೇನು?”

ಹಣಮಂತಣ್ಣನಿಗೆ ಅದು ಕೇಳಲಿಲ್ಲ. ಕಂಬದ ಹಿಂದೆ ಬೆರಳು ತೋರಿಸುತ್ತ ನಿಂತಿದ್ದ. ಯಂತ್ರ ನಿಂತದ್ದರಿಂದ ಈಗ ದನಿ ಕೇಳಿಸಿತು. ಕೆಳಗಿನಿಂದ ಸಾಗರ, “ಲೇ ರಫೀಕ್, ಯಾಕ ಬಂದ್ ಮಾಡ್ದಿ? ಇನ್ನೊಂದು ಸುತ್ತು ಐತಿ” ಎಂದ. ನೀರಿನಲ್ಲೇ ಇದ್ದ. ನಾನು ಅಂದು ಸಿಕ್ಕಿಕೊಂಡಂಥ ಜಾಗದಲ್ಲೇ ಇದ್ದ.

ರಫೀಕ್ ಯಂತ್ರವನ್ನು ಕಟ್ಟೆಯ ಮೇಲಿಟ್ಟು ಕೆಳಗೆ ಬಗ್ಗಿ ನೋಡಿದ.

“ನೀ ಹೆಬ್ಬಟ್ಟು ತೋರಿಸಿದೆಲ್ಲಲೇ!”

“ತೋರಿಸಿದೆ. ಹೂಂ, ಕಟ್ತೀನಿ ಅಂತ ತೋರಿಸಿದೆ.”

ನಾವು ನಾಲಿಗೆಯಿಂದ ಓಡಿಸಿದ ‘ಆತು’ ಹೆಬ್ಬೆರಳಿಗೆ ಬಂದು ಕೂತಿತ್ತು. ಮೊಬೈಲಿನಲ್ಲೂ ಅದೇ ಅಲ್ಲವೇ? ಯಾರಾದರೂ ಹೆಬ್ಬೆರಳು ಕಳಿಸಿದರೆ ಕೆಲಸ ಮುಗಿಯಿತು ಎಂದೋ, ನೋಡಿದೆ ಎಂದೋ ಯಾರಿಗೆ ಗೊತ್ತು?

ಹುಡುಗರು ಮೇಲೆ ಬಂದು ಹಣಮಂತಣ್ಣನ ಕಾಲು ಮುಟ್ಟಿದರು. ರಫೀಕ್ ಅವನ ಮುಖದ ಮುಂದೆ ನಿಂತು, “ಕಾಕಾ, ನಿಮಗ ಹೆಂಗ ಗೊತ್ತಾತು?” ಎಂದು ತುಟಿ ಬಿಡಿಸಿ ಕೇಳಿದ. ಹಣಮಂತಣ್ಣ, “ಅಂವಾ ಮ್ಯಾಲ ಬಂದಿದ್ದು ನಾ ನೋಡಿರಲಿಲ್ಲ” ಎಂದ. ಅಷ್ಟೆ. ಆಮೇಲೆ ಹೊಳೆಯ ಕಡೆ ನೋಡಿ, “ನನ್ನ ಚಪ್ಪಲ್ ಹೋತಲ್ಲಲೇ” ಎಂದು ಬೈದ. ಚಪ್ಪಲಿ ತೇಲುತ್ತ ಬೀಳಗಿಯ ದಾರಿ ಹಿಡಿದಿತ್ತು.

ಹಾಗಾದರೆ ಏನು ಗುರುತು ಇಟ್ಟುಕೊಳ್ಳಬೇಕು ಎಂದು ಹುಡುಗರು ನನ್ನನ್ನು ಕೇಳಿದರು. ನನಗೆ ಹೊಳೆಯಲಿಲ್ಲ. ಅವತ್ತಿಗೆ ಕೆಲಸ ನಿಲ್ಲಿಸಿ ಎಂದು ಹೇಳಿ ಮನೆಗೆ ಬಂದೆ. ಊಟಕ್ಕೆ ಕೂತಾಗ ಹೆಂಡತಿ ಮಹಾದೇವಿಗೆ ಎಲ್ಲ ಹೇಳಿದೆ. ಆಕೆ ರಬಕವಿಯ ನೇಕಾರರ ಮನೆಯ ಮಗಳು.

“ರೀ, ಅದಕ್ಕೇನು ದೊಡ್ಡ ವಿಚಾರ? ನಮ್ಮ ತವರಮನ್ಯಾಗ ಮಗ್ಗ ಚಾಲೂ ಇದ್ದರ ಬಾಜೂಕ ನಿಂತಾವರು ಒದರಿದರೂ ಕೇಳತಿರಲಿಲ್ಲ. ನಮ್ಮಪ್ಪ ಮಗ್ಗದ ಕೆಳಗ ಹೊಕ್ಕಬೇಕಾದರ ಸ್ವಿಚ್ಚಿನ ಮ್ಯಾಲ ತನ್ನ ಟವೆಲ್ ಹಾಕಿ ಹೋಗತಿದ್ದ. ಟವೆಲ್ ಇರೂತನಕ ಆ ಸ್ವಿಚ್ ಯಾರೂ ಮುಟ್ಟಂಗಿಲ್ಲ. ಯಾರ ಟವೆಲ್ ಅವರಽ ತಗೀಬೇಕು.”

“ಇದನ್ನ ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನೀವು ಯಾವತ್ತ ಕೇಳೀರಿ?”

ನಾನು ಉಣ್ಣುವುದನ್ನು ನಿಲ್ಲಿಸಿ ತಾಟನ್ನೇ ನೋಡುತ್ತ ಕೂತೆ. ಕಚೇರಿಯ ಅಂಗಳ, ಬೆಂಚು, ಹೊಟ್ಟೆ ಹಿಡಿದುಕೊಂಡು ನಗುವ ಜನ ಎಲ್ಲ ಕಣ್ಣ ಮುಂದೆ ಬಂತು. ಮಾತು ಯಾವುದಾದರೂ ಇರಲಿ, ಆತು ಇರಲಿ, ದಂಡಿ ಇರಲಿ, ಅವ್ವ ಅದನ್ನು ನಂಬುವುದಿಲ್ಲ. ತಾಟು ನೋಡುತ್ತಾಳೆ. ಹಣಮಂತಣ್ಣ ಉತ್ತರವನ್ನು ಅವತ್ತೇ ಹೇಳಿದ್ದ. ನಾವು ನಕ್ಕು ಬಿಟ್ಟಿದ್ದೆವು.

ಮರುದಿನ ಬೆಳಿಗ್ಗೆ ಮತ್ತೆ ಬಂಧಾರಕ್ಕೆ ಹೋದೆವು. ಸಾಗರ ನೀರಿಗಿಳಿಯುವ ಮುಂಚೆ ತನ್ನ ಕೆಂಪು ಟವೆಲನ್ನು ರಫೀಕನ ಕಣ್ಣೆದುರಿನ ಕಂಬಿಗೆ ಕಟ್ಟಿದ. ಇಳಿದ. ಹಗ್ಗ ಹಾಕಿದ. ಕಂಬದ ಹಿಂದಿನಿಂದ ಹೆಬ್ಬೆರಳೂ ತೋರಿಸಿದ, ರೂಢಿ ಎಲ್ಲಿ ಬಿಡುತ್ತದೆ? ರಫೀಕ್ ಹೆಬ್ಬೆರಳನ್ನು ನೋಡಲಿಲ್ಲ. ಯಂತ್ರ ಬಂದ್ ಮಾಡಿ ಟವೆಲ್ ನೋಡುತ್ತ ಕೂತ. ಸಾಗರ ಏಣಿ ಹತ್ತಿ ನೀರು ಸುರಿಸುತ್ತ ಬಂದು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಒದ್ದೆಯಾಗಿ ಬಂದವನಿಗೆ ಟವೆಲ್ ಬೇಕೇ ಬೇಕು. ತೆಗೆಯಲು ಮರೆಯುವ ಹಾಗೇ ಇಲ್ಲ.

ಹಣಮಂತಣ್ಣ ಬೇರೆ ಚಪ್ಪಲಿ ಹಾಕಿಕೊಂಡು ಕಂಬಿಯ ಹತ್ತಿರ ನಿಂತಿದ್ದ. ಖಾಲಿಯಾದ ಕಂಬಿಯನ್ನು ನೋಡಿದ, ಒಣ ನೆಲದಲ್ಲಿ ನಿಂತ ಸಾಗರನನ್ನು ನೋಡಿದ, ಆಮೇಲೆ ರಫೀಕನಿಗೆ ಕೂಗಿ ಹೇಳಿದ.

“ತಾಟು ಖಾಲಿ ಆತು. ಈಗ ಕೊಯ್ಯಿ.”

ಇಲ್ಲಿ ತಾಟು ಎಲ್ಲಿಂದ ಬಂತು ಎಂದು ರಫೀಕನಿಗೆ ತಿಳಿಯಲಿಲ್ಲ. ಆದರೂ ಕೊಯ್ದ. ಆಲದ ಮರ ಎರಡಾಗಿ, ಹಗ್ಗದ ತುದಿಯಲ್ಲಿ ದನದ ಹಾಗೆ ಸುಮ್ಮನೆ ದಂಡೆಗೆ ಬಂತು.

ಓದಿದವರಲ್ಲಿ ಮಗ್ಗದವರಿರಬಹುದು, ಕಬ್ಬಿನ ಗಾಣದವರಿರಬಹುದು, ಬಾವಿ ತೋಡುವವರು, ಲೈಟಿನ ಕಂಬ ಹತ್ತುವವರು ಇರಬಹುದು. ನಿಮ್ಮ ಕೆಲಸದಲ್ಲಿ ಇಂಥ ಎರಡು ಅರ್ಥದ ಮಾತು ಯಾವುದು? ಅದರಿಂದ ಯಾರಿಗೆ ಏನಾಗುವುದಿತ್ತು, ನೀವು ಅದಕ್ಕೆ ಯಾವ ಗುರುತು ಕಂಡುಕೊಂಡಿರಿ? ನಮಗೂ ತಿಳಿಸಿ. ಬರೆಯಲು ಬಾರದಿದ್ದರೆ ಮನೆಯ ಯಾರಿಗಾದರೂ ಹೇಳಿ ಬರೆಸಿ. ಒಂದೇ ಒಂದು ಬೇಡಿಕೆ: ಉತ್ತರವಾಗಿ ಬರೀ ಹೆಬ್ಬೆರಳು ಕಳಿಸಬೇಡಿ.